ಬಿಳಿ ಬಿಲ್ಲೆಗೊಂದು ಪೀಠಿಕೆ

ಬೀದಿದೀಪಗಳು ಇನ್ನೂ ಆರಿಲ್ಲ. ಹಿಂಬಾಗಿಲಲ್ಲಿ ತರಕಾರಿ ವ್ಯಾನಿನಿಂದ ಮೂಲಂಗಿ ಇಳಿಯುತ್ತಿದೆ. ಒಳಗೆ ಊಟದ ಕೋಣೆಯಲ್ಲಿ, ಇಸ್ತ್ರಿ ಮಾಡಿದ ಕಪ್ಪು ಅಂಗಿ ತೊಟ್ಟ ಐವತ್ತು ದಾಟಿದ ಗಂಡಸೊಬ್ಬರು ಖಾಲಿ ಕುರ್ಚಿಯೊಂದರ ಮುಂದೆ ಬಗ್ಗಿ, ಪುಟ್ಟ ಪಿಂಗಾಣಿ ತಟ್ಟೆ ಇಟ್ಟು, ಗಂಟಲು ಸರಿಮಾಡಿಕೊಳ್ಳುತ್ತಾರೆ. ತಟ್ಟೆಯಲ್ಲಿ ಪೆಪ್ಪರಮಿಂಟಿನಂಥ ಒಂದು ಬಿಳಿ ಬಿಲ್ಲೆ. "ನಮಸ್ಕಾರ. ಇದು ತಿನ್ನೋದಲ್ಲ, ಕೈ ಒರೆಸಿಕೊಳ್ಳೋದು," ಎಂದು ಕುರ್ಚಿಗೆ ಹೇಳಿ ಮೇಲೆ ಬಿಸಿನೀರು ಹನಿಸುತ್ತಾರೆ. ಬಿಲ್ಲೆ ಉಬ್ಬುತ್ತದೆ, ಎದ್ದು ನಿಲ್ಲುತ್ತದೆ, ನೋಡನೋಡುತ್ತ ಒಂದು ಒದ್ದೆ ಬಟ್ಟೆಯಾಗುತ್ತದೆ.

"ಗಿರಾಕಿಗಳಿಗಿಂತ ಕುರ್ಚಿಗಳೇ ವಾಸಿ. ನಾನು ಮಾತಾಡ್ತಿದ್ರೆ ಮಧ್ಯದಲ್ಲಿ ಫೋಟೊ ತೆಗಿಯಲ್ಲ," ಎಂದು ಅವರು ದಿನದ ತಾಲೀಮು ಮುಂದುವರಿಸಲು ಮುಂದಿನ ಕುರ್ಚಿಗೆ ಹೋಗುತ್ತಾರೆ.

ದೊಡ್ಡ ನಗರದ ಈ ಕೊರಿಯನ್ ಹೋಟೆಲಿನಲ್ಲಿ ಕೇಳಿದ್ದನ್ನು ಕೊಡುವುದಿಲ್ಲ, ಕೊಟ್ಟದ್ದನ್ನು ತಿನ್ನಬೇಕು. ಒಂದಾದ ಮೇಲೊಂದರಂತೆ ಹನ್ನೊಂದು ಬಟ್ಟಲು ಬರುತ್ತವೆ. ಒಂದೊಂದರಲ್ಲಿ ಎರಡು ತುತ್ತು, ಅಡುಗೆಮನೆಯವರು ಉದಾರಿಗಳಾದ ದಿನ ಎರಡೂವರೆ. ಗಿರಾಕಿ ಊಟದ ಕಡ್ಡಿ ಎತ್ತುವ ಮೊದಲು ಆ ಬಟ್ಟಲಿನ ಕುಲಗೋತ್ರ ಹೇಳುವುದು ಈ ಕಪ್ಪು ಅಂಗಿಯವರ ಕೆಲಸ. ಅದಕ್ಕೇ ಪಾತ್ರೆ ತೊಳೆಯುವವರಿಂದ ಹಿಡಿದು ಮಾಲೀಕರ ತನಕ ಎಲ್ಲರೂ ಅವರನ್ನು ಕರೆಯುವುದು 'ಪೀಠಿಕೆ' ಎಂದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇಲ್ಲಿ ಊಟ ಒಬ್ಬರಿಗೆ ಗೊತ್ತು, ಮಾತು ಇನ್ನೊಬ್ಬರಿಗೆ.

ಊಟ ಗೊತ್ತಿರುವುದು ಮುಖ್ಯ ಅಡುಗೆಯವರಿಗೆ. ಕೊರಿಯಾದಿಂದ ಬಂದ ಹೆಂಗಸು, ಮಾತಿನಲ್ಲಿ ಮಹಾ ಜಿಪುಣಿ. ಬೆಳಗ್ಗೆ ಚಮಚದ ತುದಿಯಲ್ಲಿ ರುಚಿ ತೋರಿಸಿ, "ಮೂಲಂಗಿ. ಹುಳಿ. ಆರು ತಿಂಗಳು," ಎಂದು ಒಳಗೆ ನಡೆದುಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಪೀಠಿಕೆಯವರ ಬಾಯಲ್ಲಿ ಅದೇ ಮೂಲಂಗಿ ಮಣ್ಣಿನ ಭರಣಿಯೊಳಗೆ ಚಳಿಗಾಲವೆಲ್ಲ ಮಲಗಿ, ಬೇಸಿಗೆಯಲ್ಲಿ ಕಣ್ಣು ಬಿಟ್ಟು, ಹುಳಿಯಾಗಿ, ಒಳ್ಳೆಯ ಮನೆ ಸೇರುವ ವಯಸ್ಸಿಗೆ ಬಂದಿರುತ್ತದೆ. ಬಣ್ಣ ಕಟ್ಟುತ್ತೀರಾ ಎಂದರೆ ಅವರಿಗೆ ಬೇಸರ. "ಒಂದು ಸುಳ್ಳೂ ಸೇರಿಸಲ್ಲ. ಆರು ತಿಂಗಳು ಅದು ಎಲ್ಲೋ ಇತ್ತಲ್ಲ, ಅದನ್ನಷ್ಟೇ ಹೇಳ್ತೀನಿ."

ಇದಕ್ಕೂ ಮೊದಲು ಅವರು ಬಸ್ ನಿಲ್ದಾಣದಲ್ಲಿ ಘೋಷಣೆ ಮಾಡುತ್ತಿದ್ದವರು. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ ಎಂದು ಗಾಜಿನ ಗೂಡಿನಲ್ಲಿ ಕೂತು ಹೇಳುತ್ತಲೇ ಕೂದಲು ನರೆಯಿತು. ಒಂದು ಸೋಮವಾರ ಹೋಗಿ ನೋಡಿದರೆ ಅವರ ಕುರ್ಚಿಯ ಮೇಲೆ ಒಂದು ಪೆಟ್ಟಿಗೆ. ಒಳಗಿನಿಂದ ಹೆಣ್ಣು ದನಿಯೊಂದು ಘೋಷಣೆ ಮಾಡುತ್ತಿತ್ತು. "ಆಯಮ್ಮನಿಗೆ ಕೆಮ್ಮು ಬರಲ್ಲ, ರಜೆ ಬೇಡ, ಸಂಬಳ ಬೇಡ. ನಾನೇನು ಹೇಳ್ಲಿ?" ಎನ್ನುವಾಗ ಅವರು ನಗುತ್ತಾರೆ. ಆದರೆ ಆ ನಗೆಯಲ್ಲಿ ಹಳೆಯ ಗಾಯ ಇನ್ನೂ ಹಸಿಯಾಗಿದೆ. ಆಮೇಲೆ ಬಹಳ ಕಾಲ ಮನೆಯಲ್ಲೇ ಕೂತಿದ್ದರು. ಪರದೆ ಹೊಲಿಯುವ ಹೆಂಡತಿ ಹೋಟೆಲಿಗೆಂದು ಹೊಲಿದದ್ದನ್ನು ಇವರ ಕೈಯಲ್ಲಿ ಕಳಿಸಿದರು. ಇವರು ಬಟ್ಟೆಯ ಎಳೆ, ಬಣ್ಣ, ಹೊಲಿಗೆಯನ್ನು ಎಷ್ಟು ಚಂದ ವರ್ಣಿಸಿದರೆಂದರೆ ಮಾಲೀಕರು ಪರದೆಯ ಜೊತೆ ಇವರನ್ನೂ ಇಟ್ಟುಕೊಂಡರು.

ಮೊದಲ ದಿನ ಹಳೆಯ ಅಭ್ಯಾಸ ಬಿಡಲಿಲ್ಲ. "ಗಿರಾಕಿಗಳ ಗಮನಕ್ಕೆ. ಮೂರನೇ ಬಟ್ಟಲು ಕೆಲವೇ ನಿಮಿಷಗಳಲ್ಲಿ ಬಂದು ಸೇರಲಿದೆ," ಎಂದುಬಿಟ್ಟರು. ಒಬ್ಬರು ಚೀಲ ಎತ್ತಿಕೊಂಡು ಎದ್ದೇ ನಿಂತರಂತೆ.

ಮನೆಯಲ್ಲಿ ಇದರ ಕಾಟ ಬೇರೆ. "ಬೇಯಿಸಿದ ಮೊಟ್ಟೆ ಇಟ್ಟರೆ, ಎಷ್ಟು ಹೊತ್ತು ಬೆಂದಿದೆ ಅಂತ ಕೇಳ್ತಾರೆ. ತಿನ್ನೋಷ್ಟು ಬೆಂದಿದೆ, ತಿನ್ನಿ ಅಂತೀನಿ," ಎನ್ನುತ್ತಾರೆ ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. ಒಮ್ಮೆ ಆ ಹೋಟೆಲಿಗೆ ಊಟಕ್ಕೆ ಹೋಗಬಾರದೇ ಎಂದರೆ, "ಹೋಗೋಣ. ಮನೇಲಿ ತಿಂದ್ಕೊಂಡು ಹೋಗೋಣ," ಎಂದು ಸೂಜಿಗೆ ದಾರ ಪೋಣಿಸುತ್ತಾರೆ.

ಇಷ್ಟು ವರ್ಷದಲ್ಲಿ ಪೀಠಿಕೆಯವರಿಗೆ ಇದ್ದ ಕೊರಗು ಒಂದೇ. ಹೇಳುವುದನ್ನು ಪೂರ್ತಿ ಕೇಳಿಸಿಕೊಂಡ ಗಿರಾಕಿ ಒಬ್ಬರೂ ಇರಲಿಲ್ಲ. ಮೂಲಂಗಿ ಭರಣಿಯಿಂದ ಹೊರಬರುವ ಮೊದಲೇ ಗಿರಾಕಿಯ ಹೊಟ್ಟೆ ಸೇರಿರುತ್ತಿತ್ತು. ಹೋದ ತಿಂಗಳು ಆ ಅರ್ಧ ಕೇಳುವಿಕೆಗೂ ಕುತ್ತು ಬಂತು. ಮಾತಿನಿಂದ ಊಟ ತಡವಾಗುತ್ತಿದೆ, ಇನ್ನು ಮೇಲೆ ಬಟ್ಟಲಿಗೊಂದು ಅಚ್ಚಾದ ಚೀಟಿ ಇಡೋಣ ಎಂದರು ಮಾಲೀಕರು. ಒಂದು ಮಧ್ಯಾಹ್ನ ಪರೀಕ್ಷೆ, ಸರಿಹೋದರೆ ಅದೇ ಖಾಯಂ. ಪೀಠಿಕೆಯವರು ಬಟ್ಟಲು ಇಟ್ಟು ಬಟ್ಟಲು ಎತ್ತಬೇಕು, ಬಾಯಿ ಬಿಡುವಂತಿಲ್ಲ.

"ಆ ಪೆಟ್ಟಿಗೆ ನನ್ನನ್ನು ಹುಡುಕಿಕೊಂಡು ಇಲ್ಲಿಗೂ ಬಂತು ಅನ್ನಿಸ್ತು," ಎನ್ನುತ್ತಾರೆ ಅವರು. ಹಿಂದಿನ ರಾತ್ರಿ ಊಟ ಸೇರಲಿಲ್ಲವಂತೆ.

ಚೀಟಿಗಳನ್ನು ಮಾಲೀಕರು ತಾವೇ ಬರೆದಿದ್ದರು. ಬಿಳಿ ಬಿಲ್ಲೆಯ ಚೀಟಿಯಲ್ಲಿ ಇದ್ದದ್ದು ಇಷ್ಟು: 'ಬೆಚ್ಚನೆಯ ಸ್ವಾಗತ. ನಿಮಗಾಗಿ ಅರಳಲು ಕಾದಿರುವ ಶ್ವೇತ ಮೊಗ್ಗು.' ಅಂದು ಕಿಟಕಿಯ ಪಕ್ಕದ ಮೇಜಿನಲ್ಲಿ ಊಟಕ್ಕೆ ಕೂತಿದ್ದವರು ಮಾಲೀಕರ ಮಾವ. ಅವರು ಕನ್ನಡಕ ಹಾಕಿ ಚೀಟಿ ಓದಿದರು, ಮೊಗ್ಗನ್ನು ಬಾಯಿಗೆ ಹಾಕಿಕೊಂಡರು, ಕಣ್ಣು ಮುಚ್ಚಿ ಜಗಿಯತೊಡಗಿದರು.

ಆಚೆ ತುದಿಯಲ್ಲಿ ತಟ್ಟೆ ಹಿಡಿದು ನಿಂತಿದ್ದ ಪೀಠಿಕೆಯವರು ಇದನ್ನು ನೋಡಿದರು. "ಕೂಗೋಣ ಅಂದ್ಕೊಂಡೆ. ಬಾಯಿ ಬಿಡಬೇಡ ಅಂದಿದ್ರಲ್ಲ. ಕೂಗ್ಲೋ ಬೇಡ್ವೋ ಅನ್ನೋಷ್ಟರಲ್ಲಿ ಮೇಲೆ ಬಿಸಿ ಚಹಾ ಕುಡಿದೇಬಿಟ್ರು."

ಊಟವೆಲ್ಲ ಮುಗಿದ ಮೇಲೆ ಮಾಲೀಕರು ಹೋಗಿ, "ಹೇಗಿತ್ತು ಮಾವ?" ಎಂದು ಕೇಳಿದರು.

"ಮೊದಲನೇದು ಜಗಿಯೋಕೆ ಸ್ವಲ್ಪ ಗಟ್ಟಿ, ಅಳಿಯಂದಿರೇ. ಆದ್ರೆ ಹೊಟ್ಟೆ ತುಂಬಿಸಿದ್ದು ಅದೊಂದೇ. ಮಿಕ್ಕಿದ್ದೆಲ್ಲ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ," ಎಂದರು ಮಾವ.

ವಿಷಯ ಗೊತ್ತಾಗಿ ಕರೆದುಕೊಂಡು ಹೋದಾಗ ವೈದ್ಯರು ಹೊಟ್ಟೆ ಒತ್ತಿ ನೋಡಿ, ಹೆದರಬೇಡಿ, ತಾನೇ ಹೊರಗೆ ಬರುತ್ತದೆ ಎಂದರಂತೆ. ಬಂತಂತೆ. ಹೆಚ್ಚಿನ ವಿವರ ವಾರಾಂತ್ಯದ ಓದಿಗೆ ತಕ್ಕುದಲ್ಲ. ಚೀಟಿಗಳು ಈಗ ಅಲುಗಾಡುವ ಮೇಜಿನ ಕಾಲಿನ ಕೆಳಗಿವೆ.

ಮಾವ ಛಲದ ಮನುಷ್ಯ, ಮುಂದಿನ ವಾರ ಮತ್ತೆ ಬಂದರು. ಪೀಠಿಕೆಯವರು ಬಿಲ್ಲೆಯ ತಟ್ಟೆ ಇಟ್ಟ ಕೂಡಲೇ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡರು. "ನೀವು ಹೇಳಿ ಮುಗಿಸೋವರೆಗೂ ಏನನ್ನೂ ಮುಟ್ಟಲ್ಲ ನಾನು," ಎಂದರು. ಹೇಳಿದ ಹಾಗೆ ನಡೆದುಕೊಂಡರು ಕೂಡ. ಮೂಲಂಗಿ ಮಲಗಿತು, ಎದ್ದಿತು, ಹುಳಿಯಾಯಿತು. ಮಾವ ಕಣ್ಣು ಮಿಟುಕಿಸದೆ ಕೇಳಿದರು. ಹನ್ನೊಂದು ಬಟ್ಟಲಿಗೂ ಪ್ರಶ್ನೆ ಅದೇ: "ಮುಗೀತಾ? ಇದನ್ನ ತಿನ್ನಬಹುದಾ?"

ಇದನ್ನು ಹೇಳುವಾಗ ಮೇಜು ಒರೆಸುತ್ತಿದ್ದ ಪೀಠಿಕೆಯವರ ಕೈ ನಿಲ್ಲುತ್ತದೆ.

"ಒಂದು ವಾಕ್ಯಾನೂ ಅರ್ಧಕ್ಕೆ ನಿಲ್ಲಲಿಲ್ಲ. ಬಸ್ ಸ್ಟ್ಯಾಂಡಿನಲ್ಲೂ ಯಾರೂ ಹಾಗೆ ಕೇಳಿರಲಿಲ್ಲ. ಪಾಪ, ಅಷ್ಟರಲ್ಲಿ ಊಟ ಎಲ್ಲ ಆರಿಹೋಗಿತ್ತು. ಬಿಸಿ ಮಾಡಿಸಿಕೊಂಡು ಬರ್ಲಾ ಅಂತ ಕೇಳಿದೆ. ಬೇಡಪ್ಪ, ಆರಿದ್ರೂ ಬಟ್ಟೆಗಿಂತ ರುಚಿಯಾಗಿದೆ ಅಂದ್ರು."