ಬಾಡದೆದುರು ಹೊಟ್ಟೆಬಿಟ್ಟ ಹಾಯಿ

ನವೆಂಬರ್ ಹದಿನಾರು, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹೊನ್ನಾವರದ ಅಳಿವೆಯಿಂದ ನಾವು ಹೊರಟದ್ದು ಆಗ. ಭಟ್ಕಳದವರೊಬ್ಬರ ಹಾಯಿದೋಣಿಯಲ್ಲಿ ಈ ಹಂಗಾಮಿಗೆ ನಾನು ಕೆಲಸಕ್ಕಿದ್ದೇನೆ. ಇದರ ದೊಡ್ಡ ಹಾಯಿ, ಕಂಬದಿಂದ ಹಿಂದಕ್ಕೆ ಚಾಚಿದ ಟೊಳ್ಳು ಅಡ್ಡಮರದೊಳಗೆ ಚಾಪೆಯಂತೆ ಸುತ್ತಿಕೊಳ್ಳುತ್ತದೆ. ಸುತ್ತುವಾಗ ಅಡ್ಡಮರ ವಾಲಬಾರದು. ಅದನ್ನು ಎತ್ತಿ ಹಿಡಿಯುವ ಹಗ್ಗವನ್ನು ಎಲ್ಲಿಯವರೆಗೆ ಬಿಗಿಯಬೇಕೆಂದು ನಾನೇ ಕೆಂಪು ಟೇಪಿನ ಗುರುತು ಹಾಕಿದ್ದೆ. ಈ ತಿಂಗಳು ಒಂಬತ್ತು ಸಲ ಸುತ್ತಿದ್ದೆ, ಒಂಬತ್ತೂ ಸರಿ.

ಅಂದು ದಾರಿಯಲ್ಲಿ ಸಿಗುವ ನಮ್ಮೂರು ಬಾಡದಲ್ಲಿ ಅಜ್ಜ, ಬಲೆ ರಿಪೇರಿಗೆ ಕೂತವರನ್ನೆಲ್ಲ ಎಬ್ಬಿಸಿ ದಡದ ಮರಳಿಗೆ ಕರೆತಂದಿದ್ದ. ಹಾಯಿ ಕಟ್ಟಿಕೊಂಡೇ ಮೀನಿಗೆ ಹೋಗುತ್ತಿದ್ದವನು. ಮೊಮ್ಮಗನ ಹಾಯಿ ನೋಡಲು ಬನ್ನಿ ಎಂದು ಒಂದು ವಾರದಿಂದ ಹೇಳಿಕೊಂಡು ತಿರುಗಿದ್ದನಂತೆ.

ಕುಮಟಾ ದಾಟುವಾಗ ಮೂಡಣ ಗಾಳಿ ಜೋರಾಯಿತು. ಹಾಯಿ ಕಿರಿದು ಮಾಡಲು ನಾಲ್ಕು ಸುತ್ತು ಒಳಗೆಳೆದೆ. ಮುಂದಂಚು ಕಂಬದ ಬಳಿ ಮುದ್ದೆಯಾಗಿ, ಬಟ್ಟೆಯ ನಡುವೆ ಹೊಟ್ಟೆ ಬಂತು. ಬೇರೆ ಹಾಯಿಗಳಲ್ಲಿ ಅಡಿಯಂಚನ್ನು ಹಿಂದಕ್ಕೆಳೆದು ಹೊಟ್ಟೆ ತೆಗೆಯುವ ಹಗ್ಗವಿರುತ್ತದೆ, ಇದರಲ್ಲಿಲ್ಲ. ಹಾಯಿ ಎತ್ತುವ ಹಗ್ಗವನ್ನು ಬಿಗಿದೆ. ಅಡ್ಡಮರವನ್ನು ಕೆಳಗೆ ಜಗ್ಗಿದೆ. ಹಿಂದಂಚು ಬಿಗಿಯಿತು, ಹೊಟ್ಟೆ ಹಾಗೇ ಉಳಿಯಿತು. ಅಷ್ಟರಲ್ಲಿ ಬಾಡ ಬಂದೇಬಿಟ್ಟಿತು.

ದಡದಿಂದ ಚಿಕ್ಕಪ್ಪನ ಫೋನ್. "ಎಂತದಾ ಅದು, ಹಾಯಿಯಾ ಹಸಿ ಗೋಣಿಯಾ?" ಹಿಂದೆ ಹತ್ತು ಜನರ ನಗು.

ಮಾಲೀಕರು ಮೇಲೆ ನೋಡಿ, "ನಿನ್ ಕೆಂಪು ಟೇಪ್ ಎಲ್ಲಿಗ್ ಹೋತು ಮಾರಾಯಾ?" ಎಂದರು.

ಅದು ಇರಬೇಕಾದ ಜಾಗದಿಂದ ಒಂದು ಗೇಣು ಆಚೆಗಿತ್ತು. ಲಂಗರು ಹಾಕಿದ ಮೇಲೆ ಎಲ್ಲ ಹಗ್ಗ ಸಡಿಲ ಬಿಡಬೇಕು, ಇಲ್ಲವಾದರೆ ಇಬ್ಬನಿಗೆ ಬಿಗಿದು ಕಂಬ ಸೀಳುತ್ತದೆ ಎಂದು ಅಜ್ಜ ಕಲಿಸಿದ್ದ. ಅದು ನಾರಿನ ಹಗ್ಗದ ಕಾಲದ ಮಾತು. ಹಿಂದಿನ ರಾತ್ರಿ ನನ್ನ ಕೈ ತಾನಾಗಿ ಈ ಟೇಪಿನ ಹಗ್ಗವನ್ನೂ ಸಡಿಲ ಬಿಟ್ಟಿತ್ತು. ಬೆಳಿಗ್ಗೆ ಗುರುತು ನೋಡಲಿಲ್ಲ. ಅಡ್ಡಮರ ವಾಲಿತ್ತು, ಸುತ್ತುಗಳು ಮುಂದಕ್ಕೆ ಜಾರಿದ್ದವು.

"ಇಳಿಸು. ಇಂಜಿನ್ ಹಾಕ್ವ," ಎಂದರು ಮಾಲೀಕರು.

ಇಳಿಸಿದೆ, ಅವರೆಲ್ಲರ ಕಣ್ಣೆದುರೇ. ಅಷ್ಟರಲ್ಲಿ ಅಜ್ಜ ಫೋನ್ ಕಸಿದುಕೊಂಡಿದ್ದ.

"ತಮಾ, ಇವ್ರು ನಗ್ಲಿ. ರಾತ್ರಿ ಹಗ್ಗ ಎಲ್ಲ ಸಡ್ಲ ಬಿಟ್ಟಿದ್ಯಲಾ?"

"ಹೌದು ಅಜ್ಜ."

"ಆತು. ಹಾಂಗಾರೆ ನಿಂದೆಂತ ತಪ್ಪಿಲ್ಲ, ಆ ದೋಣಿದೇ ತಪ್ಪು," ಎಂದು ಸುತ್ತಲಿನವರಿಗೆ ಕೇಳುವಂತೆ ಹೇಳಿದ. ನಾನು ದಡದ ಕಡೆ ಮುಖ ಎತ್ತಲಿಲ್ಲ.

ಶನಿವಾರ ಅದೇ ದಾರಿಯಲ್ಲಿ ವಾಪಸು. ಅಜ್ಜ ಬರುತ್ತಾನಂತೆ, ಈ ಸಲ ಒಬ್ಬನೇ. ಅರ್ಧ ಸುತ್ತಿದ ಇಂಥ ಹಾಯಿಯ ಹೊಟ್ಟೆಯನ್ನು ಪೂರ್ತಿ ಬಿಚ್ಚದೆ ಚಪ್ಪಟೆ ಮಾಡುವುದು ಯಾರಿಗಾದರೂ ಗೊತ್ತಿದ್ದರೆ, ದಯವಿಟ್ಟು ಶುಕ್ರವಾರದೊಳಗೆ ನಾಲ್ಕು ಸಾಲು ಬರೆಯಿರಿ.