ಕಿವಿ ಮೇಷ್ಟ್ರು
ನಮ್ಮ ಬಸವೇಶ್ವರನಗರದ ಪಾರ್ಕಿನ ಚನ್ನಮಲ್ಲಪ್ಪ ಮೇಷ್ಟ್ರು ಯಾರನ್ನೂ ಮುಖ ನೋಡಿ ಮಾತಾಡಿಸಿದವರಲ್ಲ. ಅವರ ಕಣ್ಣು ಹೋಗುತ್ತಿದ್ದುದು ನೇರ ಕಿವಿಗೆ. "ಇಡೀ ಮೈ ಕಿವೀಲೇ ಇದೆ ಕಣ್ರೀ, ಕೆಳಗಿನ ಕಿವಿಹಾಲೇನೇ ತಲೆ," ಎನ್ನುತ್ತಾ ಮಂಡಿನೋವಿಗೊಂದು ಕಡೆ, ನಿದ್ದೆಗೊಂದು ಕಡೆ ಸಾಸಿವೆ ಕಾಳಿಟ್ಟು, ಮೇಲೆ ಪ್ಲಾಸ್ಟರ್ ಅಂಟಿಸಿ ಒತ್ತುತ್ತಾರೆ. ವಾಕಿಂಗ್ ಬರುವ ಅರ್ಧ ಜನರ ಕಿವಿಯಲ್ಲಿ ಅವರ ಸಾಸಿವೆಯಿದೆ, ಒಗ್ಗರಣೆ ಹಾಕುವುದೊಂದೇ ಬಾಕಿ. ಮಿಕ್ಸಿ ಕೆಟ್ಟರೂ ಅದರ ಕಿವಿ ಎಲ್ಲಿದೆಯೆಂದು ಹುಡುಕುತ್ತಾರಂತೆ. ಇದು ಅವರ ಹೆಂಡತಿ ಕಮಲಾಕ್ಷಮ್ಮನವರ ದೂರು. ಕೈ ಪಳಗಿರುವುದೇನೋ ನಿಜ. ರಿಟೈರ್ ಆಗುವವರೆಗೂ, ಮಗ್ಗಿ ತಪ್ಪಿದ ಹುಡುಗರು ತುದಿಗಾಲಲ್ಲಿ ನಿಲ್ಲುವಂತೆ ಕಿವಿ ಹಿಂಡಿದ ಕೈ ಅದು. "ಅದೂ ಚಿಕಿತ್ಸೇನೇ, ಜ್ಞಾಪಕಶಕ್ತಿಗೆ," ಎಂದು ನಗುತ್ತಿದ್ದರು. ಮೊನ್ನೆ ಅವರ ಹಳೆಯ ಶಿಷ್ಯ ಗಿರಿರಾಜ್, ಈಗ ತಲೆ ನರೆತ ಅಧಿಕಾರಿ, ಬೆನ್ನುನೋವೆಂದು ಬಂದು ಬೆಂಚಿನ ಮೇಲೆ ಕೂತ. ಮೇಷ್ಟ್ರ ಬೆರಳು ಕಿವಿಗೆ ತಾಗಿದ್ದೇ ತಡ, ಕೂತಲ್ಲೇ ಅವನ ಹಿಮ್ಮಡಿಗಳು ನೆಲ ಬಿಟ್ಟು ಮೇಲೆದ್ದವು. "ಹಳೇ ಅಭ್ಯಾಸ ಸಾರ್," ಎಂದು ಗಿರಿರಾಜ್ ನಕ್ಕ. ಮೇಷ್ಟ್ರು ನಗಲಿಲ್ಲ. ಈಗ ಯಾರೇ ಬಂದು ಕೂತರೂ ಅವರು ಮೊದಲು ಮುಖ ನೋಡುತ್ತಾರೆ. "ಮುಟ್ಟಲಾ?" ಎಂದು ಕೇಳಿ, ಉತ್ತರ ಬರುವವರೆಗೂ ಕೈ ಕಟ್ಟಿಕೊಂಡು ನಿಂತಿರುತ್ತಾರೆ.