ಕಿವಿಯಕ್ಕ ಮತ್ತು ತಾನಾಗಿ ಆಫಾಗದ ಕೆಟಲ್‌ಗಳು

...ಅದಕ್ಕೇ ಹೇಳಿದ್ದು ನಿಮಗೆ, ಕಿವಿಯಕ್ಕನ ರಿಪೇರಿ ಅಂಗಡಿಗೆ ಹೋದ್ರೆ ಮೊದ್ಲು ಬಾಯಿ ಮುಚ್ಕೊಂಡು ನಿಲ್ಬೇಕು ಅಂತ. "ಅಕ್ಕಾ ಇದು ಕೆಟ್ಟೋಗಿದೆ, ಅದು ಸುಟ್ಟೋಗಿದೆ" ಅಂತ ಶುರು ಹಚ್ಕೋಬೇಡಿ. ಅವಳು ಕೇಳಿಸ್ಕೊಳ್ಳಲ್ಲ. ಅಂದ್ರೆ ನಿಮ್ಮ ಮಾತು ಕೇಳಿಸ್ಕೊಳ್ಳಲ್ಲ, ಸಾಮಾನಿನ ಮಾತು ಕೇಳ್ತಾಳೆ. ನೀರು ಹಾಕಿ, ಸ್ವಿಚ್ ಒತ್ತಿ, ಕಣ್ಣು ಮುಚ್ಕೊಂಡು ಕಿವಿ ಹತ್ರ ತಗೊಂಡೋಗ್ತಾಳೆ. ಮೊದ್ಲ ಸಲ ನೋಡಿದೋರು ಅಕ್ಕ ನಿದ್ದೆ ಹೋದ್ಲು ಅಂದ್ಕೋತಾರೆ.

ಅಂಗಡಿ ಅಂದ್ರೂ ಅದೇನು ಅಂಗಡಿ, ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ತಲೆ ಬಗ್ಸೇ ಒಳಗೆ ಹೋಗ್ಬೇಕು. ಒಂದು ಉದ್ದ ಹಲಗೆ, ಐದು ಪ್ಲಗ್ಗು, ಹಳೇ ಗಾಜಿನ ಬಾಟ್ಲಿ ತುಂಬ ಸ್ಕ್ರೂಡ್ರೈವರ್‌ಗಳು, ಭುಜದೆತ್ತರಕ್ಕೆ ಒಂದು ಕಿಟಕಿ. ಬೆಳಗ್ಗೆ ಹನ್ನೊಂದಕ್ಕೆ ಆ ಕಿಟಕಿಯಿಂದ ಬಿಸ್ಲು ಒಳಗೆ ಬರತ್ತೆ. ಆಗ ಏನಾದ್ರೂ ಕುದೀತಿದ್ರೆ ಹಬೆಯೆಲ್ಲ ಬಂಗಾರದ ಬಣ್ಣ ಆಗ್ಬಿಡತ್ತೆ, ಅದರೊಳಗೆ ಅಕ್ಕನ ಮುಖ ಕಂಡೂ ಕಾಣದ ಹಾಗೆ ತೇಲ್ತಿರತ್ತೆ. ನಾನು ಮೂರನೇ ಮಹಡಿಯವ್ಳು. ಕೆಳಗಿಂದ ನಾಲ್ಕನೇ ಮೆಟ್ಟಿಲ ಮೇಲೆ ಕೂತು ಎಷ್ಟು ರಜಾದಿನ ಕಳ್ದಿದೀನೋ ಲೆಕ್ಕ ಇಲ್ಲ. ಓದೋ ಪುಸ್ತಕ ಮಡಿಲಲ್ಲೇ ಇರೋದು, ಪುಟ ಮಾತ್ರ ತಿರುಗ್ತಿರ್ಲಿಲ್ಲ.

ಮಜಾ ಏನು ಗೊತ್ತಾ, ಇಷ್ಟು ಚುರುಕು ಕಿವಿಯವಳ ಅತ್ತೆಗೆ ಕಿವಿನೇ ಕೇಳ್ಸಲ್ಲ. ಅಂಗಡಿ ಬಾಗ್ಲಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. "ನನ್ನ ಪಾಲಿನ ಕಿವೀನೂ ಇವಳೇ ಕಿತ್ಕೊಂಡ್ಲು" ಅಂತ ಬಂದೋರಿಗೆಲ್ಲ ಹೇಳ್ತಾರೆ. ಅಕ್ಕ ನಗ್ತಾಳೆ. "ಕಿವಿ ಕಿತ್ಕೊಂಡೆ ಸರಿ, ಬಾಯಿ ಬಿಟ್ಬಿಟ್ನಲ್ಲ ಅತ್ತೆ, ಅದೇ ತಪ್ಪಾಯ್ತು" ಅಂತ ಮೆಲ್ಲಗೆ ಅಂತಾಳೆ. ಆಗ ಮಾತ್ರ ಅತ್ತೆಗೆ ಅದು ಹೇಗೋ ಕೇಳಿಸ್ಬಿಡತ್ತೆ.

ಅಕ್ಕ ಕೋರ್ಟ್ ಮೆಟ್ಟಿಲು ಹತ್ತಿದ ಕೇಸಿನ ಕಥೆ ಶುರುವಾಗಿದ್ದು ನೀರು ಕಾಯಿಸೋ ಒಂದು ನೀಲಿ ಕರೆಂಟ್ ಕೆಟಲ್ಲಿಂದ. ನೀಲಿ ಮೈ, ಬಿಳಿ ಹಿಡಿ, ನೋಡೋಕೆ ಬೊಂಬೆ ಹಾಗಿತ್ತು. ಆ ವರ್ಷ ಯಾರ ಮದುವೆಗೆ ಹೋದ್ರೂ ಅದೇ ಉಡುಗೊರೆ. ನೀರು ಕುದ್ದ್ರೆ ತಾನಾಗೇ ಆಫ್ ಆಗ್ಬೇಕು. ಅದರ ಹಿಡಿಯೊಳಗೆ ಒಂದು ತೆಳ್ಳನೆ ಲೋಹದ ಬಿಲ್ಲೆ ಇರತ್ತೆ, ಹಬೆ ತಾಗಿದ ಕೂಡ್ಲೆ ಟಕ್ ಅಂತ ಮಗುಚ್ಕೊಂಡು ಸ್ವಿಚ್ಚನ್ನ ತಳ್ಳತ್ತೆ. ಇದ್ರಲ್ಲಿ ಮಾತ್ರ ಆ ಬಿಲ್ಲೆ ಕೂರೋ ಪ್ಲಾಸ್ಟಿಕ್ ಗೂಡು ಬಿಸಿಗೆ ಮೆತ್ತಗಾಗಿ, ಬಿಲ್ಲೆ ಸ್ವಲ್ಪ ಸ್ವಲ್ಪವೇ ವಾಲ್ತಾ ಬಂದು, ಒಂದಿನ ಸ್ವಿಚ್ಚನ್ನ ಮುಟ್ಟೋದೇ ಇಲ್ಲ. ನೀರೆಲ್ಲ ಆವಿಯಾಗಿ ತಳ ಕರಗೋವರೆಗೂ ಉರೀತಾನೇ ಇರತ್ತೆ. ಹಿಂದಿನ ಬೀದಿಯ ಟೀಚರಮ್ಮ ಅಂಥದ್ದನ್ನ ಎತ್ತೋಕೆ ಹೋಗಿ ಅಂಗೈ ಸುಟ್ಕೊಂಡ್ರು. ಎರಡು ತಿಂಗ್ಳು ಎಡಗೈಲಿ ಬೋರ್ಡ್ ಮೇಲೆ ಬರೆದ್ರು ಪಾಪ.

ಟೀಚರಮ್ಮನ ಕೆಟಲ್ ಬರೋ ಹೊತ್ತಿಗೆ ಅಕ್ಕನ ಹತ್ರ ಅಂಥವು ಅರವತ್ತೋ ಎಪ್ಪತ್ತೋ ಬಂದ್ಹೋಗಿದ್ವು. ಎಲ್ಲದ್ರಲ್ಲೂ ಅದೇ ಗೂಡು, ಅದೇ ಕಡೆಗೆ ವಾಲಿರೋದು. "ಒಬ್ರ ಮನೇದು ಕೆಟ್ರೆ ಕೈ ತಪ್ಪು ಅನ್ಬಹುದು. ಎಲ್ಲರ ಮನೇದೂ ಒಂದೇ ಥರ ಕೆಡತ್ತಾ?" ಅಂತ ಅಕ್ಕನೇ ಟೀಚರಮ್ಮಂಗೆ ಹೇಳಿದ್ದು. ಟೀಚರಮ್ಮ ಸುಮ್ನಿರೋ ಪೈಕಿ ಅಲ್ಲ. ವಕೀಲಮ್ಮ ಒಬ್ರನ್ನ ಹಿಡಿದ್ರು, ಮನೆ ಮನೆ ತಿರುಗಿದ್ರು. ಇನ್ನೂರ ಹನ್ನೊಂದು ಮನೆಯೋರು ಸೇರಿ ಗ್ರಾಹಕರ ಕೋರ್ಟಲ್ಲಿ ಕಂಪನಿ ಮೇಲೆ ಒಂದೇ ಕೇಸು ಹಾಕಿದ್ರು. ಸಾಕ್ಷಿ ಯಾರು? ನಮ್ಮ ಕಿವಿಯಕ್ಕ.

ಅಲ್ಲೇ ನೋಡಿ ಎಡವಟ್ಟಾಗಿದ್ದು.

ಅಕ್ಕಂಗೊಂದು ಅಭ್ಯಾಸ. ಕೆಟ್ಟಿದ್ದನ್ನ ಕೆಟ್ಟ ಹಾಗೇ ಬಿಡೋಕಾಗಲ್ಲ ಅವಳಿಗೆ. ಕೇಸು ಹಾಕಿದ ಅಷ್ಟೂ ಮನೆಯ ಕೆಟಲ್ ರಿಪೇರಿಗೆ ಅವಳ ಕೈಗೇ ಬಂದಿತ್ತು. ಬಂದ ಕೆಟಲ್‌ಗೆಲ್ಲ ತಾನೇ ಹಿತ್ತಾಳೆ ತಗಡು ಕತ್ತರಿಸಿ ಹೊಸ ಗೂಡು ಮಾಡಿ ಕೂರ್ಸಿದ್ಲು. ತೆಗೆದ ಹಳೇ ಗೂಡನ್ನೂ ಹಾಗೇ ಎಸೀದೆ, ಸೋಪು ಹಾಕಿ ತಿಕ್ಕಿ, ಕರೆಯೆಲ್ಲ ಕೆರೆದು, ಫಳಫಳ ಮಾಡಿ ಬಿಸ್ಕತ್ ಡಬ್ಬಿಲಿ ಇಟ್ಟಿದ್ಲು. ಕೋರ್ಟಲ್ಲಿ ಕಂಪನಿ ವಕೀಲರು ಒಂದು ಗೂಡನ್ನ ಎರಡೇ ಬೆರಳಲ್ಲಿ ಎತ್ತಿ ಹಿಡಿದು ಕೇಳಿದ್ರಂತೆ, "ಏನಮ್ಮಾ, ಇದು ಬಿಸಿಗೆ ಬಗ್ಗಿದ್ದೋ, ನೀವು ತಿಕ್ಕಿ ತಿಕ್ಕಿ ಬಗ್ಗಿಸಿದ್ದೋ? ಸುಟ್ಟ ಗುರುತೇ ಇಲ್ಲವಲ್ಲ! ಕೆಟಲ್ ಬಿಚ್ಚಿ ನೋಡಿದ್ರೆ ಎಲ್ಲದ್ರಲ್ಲೂ ನಿಮ್ಮ ಹಿತ್ತಾಳೆ. ಹಾಳು ಮಾಡಿದ್ದೇ ನಿಮ್ಮ ಕೈ ಅಂತ ನಾವಂತೀವಿ."

ಅವತ್ತು ಅಕ್ಕ ಬಂದೋಳು ಅಂಗಡಿ ಬಾಗ್ಲೇ ತೆಗೀಲಿಲ್ಲ. ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತ್ಲು.

"ಕೇಸು ಸೋತ್ರೆ ಸೋತ್ವಿ ಕಣೇ" ಅಂದ್ಲು. "ಆದ್ರೆ ನನ್ನ ಕೈ ಕೆಟ್ಟದ್ದು ಅಂತ ಕೋರ್ಟ್ ಬರೆದ್ರೆ, ನಾಳೆಯಿಂದ ಈ ಕೈಗೆ ಯಾರು ಏನು ಕೊಡ್ತಾರೆ?"

ಅತ್ತೆ ಕುರ್ಚಿಯಿಂದ್ಲೇ "ಏನಂತೆ? ಏನಂತೆ?" ಅಂದ್ರು. ಅಕ್ಕ ಅವರ ಕಿವಿಗೆ ಬಾಯಿಟ್ಟು ಕೂಗಿ ಹೇಳಿದ್ಲು, ಅವಳ ಕೈ ಮುಟ್ಟದ ಕೆಟಲ್ ಒಂದೂ ಉಳಿದಿಲ್ಲ, ಅಂಗಡೀಲೂ ಈಗ ಅದು ಸಿಗಲ್ಲ ಅಂತ.

"ಯಾಕಿಲ್ಲ?" ಅಂದ್ರು ಅತ್ತೆ. "ನಿನ್ನ ತಮ್ಮ ಕೊಟ್ಟಿದ್ದು ಬೀರು ಮೇಲೆ ಡಬ್ಬ ಸಮೇತ ಇದೆ. ಯಾರ ಮದುವೆಗಾದ್ರೂ ದಾಟಿಸೋಣ ಅಂತ ನಾನೇ ಎತ್ತಿಟ್ಟಿದ್ದು."

ಅಕ್ಕ ಅತ್ತೇನ ತಬ್ಕೊಂಡ್ಬಿಟ್ಲು! ಯಾಕಂದ್ರೆ ಯಾರ ಬೀರು ಮೇಲೆ ಇಲ್ಲ ಹೇಳಿ, ಬಿಚ್ಚದ ಉಡುಗೊರೆ ಡಬ್ಬ? ಸಂಜೆಯೊಳಗೆ ಸೀಲ್ ಒಡೀದ ಐದು ನೀಲಿ ಕೆಟಲ್ ಸಿಕ್ವು.

ಆದ್ರೆ ಹೊಸದ್ರಲ್ಲಿ ಕೇಡು ಕಾಣಲ್ಲ, ಮೊದಮೊದ್ಲು ಟಕ್ ಅಂತ ಚೆನ್ನಾಗೇ ಆಫ್ ಆಗತ್ತೆ. ಅಕ್ಕ ಕೋರ್ಟಲ್ಲಿ ನಿಂತು, "ಐವತ್ತು ಸಲ ಕುದಿಸೋದ್ರೊಳಗೆ ಕೈ ಕೊಡತ್ತೆ, ನಾನು ಮುಟ್ಟಲ್ಲ, ನಿಮ್ಮೋರೇ ಕುದಿಸ್ಲಿ" ಅಂದ್ಲು. ಆಯ್ತು, ಐವತ್ತು, ಒಂದು ಜಾಸ್ತಿ ಇಲ್ಲ ಅಂದ್ರು ನ್ಯಾಯಾಧೀಶರು.

ಕೋರ್ಟಿನ ಹಿಂದಿನ ಒಂದು ಕೋಣೇಲಿ ಮೂರು ದಿನ ನಡೀತು ಅದು. ಕೋರ್ಟಿನ ದೊಡ್ಡ ಗುಮಾಸ್ತರು ಗಡಿಯಾರ ಹಿಡ್ಕೊಂಡು ಕೂತ್ರು. ಕಂಪನಿಯ ಇಂಜಿನಿಯರು, ಮಾತೇ ಆಡದ ಮನುಷ್ಯ, ನೀರು ಹಾಕೋದು, ಸ್ವಿಚ್ ಒತ್ತೋದು, ಆಫಾದ್ಮೇಲೆ ತಣ್ಣಗಾಗೋಕೆ ಬಿಡೋದು, ಬರ್ಕೊಳ್ಳೋದು. ಅಕ್ಕ ಗೋಡೆ ಪಕ್ಕ ಬೆಂಚಲ್ಲಿ, ಕಣ್ಣು ಮುಚ್ಕೊಂಡು, ಕೈ ಎರಡೂ ಮಡಿಲಲ್ಲಿ. ಬುತ್ತಿ ಕೊಡೋ ನೆಪದಲ್ಲಿ ನಾನೂ ಬಾಗ್ಲಲ್ಲಿ.

ಮೊದಲ್ನೇ ದಿನ ಹದಿನೇಳು ಸಲ. ಟಕ್, ಟಕ್, ಟಕ್, ಟಕ್, ಟಕ್. ಎಲ್ಲ ಸರಿ. ಎರಡನೇ ದಿನ ಮಧ್ಯಾಹ್ನದವರೆಗೂ ಹಾಗೇ. ಅಕ್ಕ ಕಣ್ಣು ಬಿಟ್ಟು ಮೇಲೆ ನೋಡಿದ್ಲು. ಫ್ಯಾನ್ ಜೋರಾಗಿ ತಿರುಗ್ತಿತ್ತು, ಎರಡು ಕಿಟಕೀನೂ ಪೂರ್ತಿ ತೆಗ್ದಿತ್ತು.

"ಸಾರ್, ಅಡುಗೆಮನೆ ಹೀಗಿರತ್ತಾ?" ಅಂದ್ಲು. "ಹಬೆಯೆಲ್ಲ ಬೀದಿಗೆ ಹೋಗ್ತಿದೆ. ಗೂಡಿಗೆ ಬಿಸಿ ಎಲ್ಲಿಂದ ತಾಗ್ಬೇಕು?"

ಗುಮಾಸ್ತರು ಇಂಜಿನಿಯರ್ ಮುಖ ನೋಡಿದ್ರು. ಅವರು ಬೇಡ ಅನ್ಬಹುದಿತ್ತು. ಆದ್ರೆ ಎದ್ದು ಫ್ಯಾನ್ ಆರಿಸಿ, ಒಂದೊಂದೇ ಕಿಟಕಿ ಮುಚ್ಚಿದ್ರು. "ನಮ್ಮನೇಲೂ ಮುಚ್ಚೇ ಇರತ್ತೆ" ಅಂದ್ರು. ಎರಡು ದಿನದಲ್ಲಿ ಅವರಾಡಿದ್ದು ಅದೊಂದೇ ಮಾತು.

ಆಮೇಲಿನದ್ದು ನಂಗೆ ಕನಸಿನ ಹಾಗೇ ನೆನಪಿದೆ. ಕೋಣೆ ತುಂಬ ಮೋಡ. ಗೋಡೆ ಮೇಲಿನ ಗಡಿಯಾರ ಮಾಯ, ಗುಮಾಸ್ತರ ಕನ್ನಡಕ ಎರಡು ಬಿಳಿ ಬಿಲ್ಲೆ ಆಗೋಯ್ತು. ಐದು ಕೆಟಲ್ಲೂ ಒಂದೇ ರಾಗದಲ್ಲಿ ಸೋ ಅಂತಿದ್ವು, ದೂರದಲ್ಲೆಲ್ಲೋ ಹೊಳೆ ಹರೀತಿದ್ಯೇನೋ ಅನ್ನೋ ಥರ. ಕಾಗದಗಳೆಲ್ಲ ಮೆತ್ತಗಾದ್ವು. ಯಾರು ಯಾರ ಪಕ್ಷ ಅನ್ನೋದೂ ಆ ಹಬೇಲಿ ಕರಗೋಯ್ತೇನೋ, ಮೂರನೇ ದಿನ ಇಂಜಿನಿಯರು ತಮ್ಮ ಕರವಸ್ತ್ರ ಅಕ್ಕಂಗೆ ಕೊಟ್ರು, ಅಕ್ಕ ಮುಖ ಒರೆಸ್ಕೊಂಡು ವಾಪಸ್ ಕೊಟ್ಲು. ಗುಮಾಸ್ತರು ಕೂತಲ್ಲೇ ತೂಕಡಿಸ್ತಾ, ಎಣಿಕೆ ಮಾತ್ರ ತಪ್ಪದೆ, "ನಲವತ್ತಮೂರು... ನಲವತ್ತನಾಲ್ಕು..." ಅಂತ ಜೋಗುಳ ಹಾಡ್ದಂಗೆ ಹೇಳ್ತಿದ್ರು. ಒಂದೂ ಕೆಟ್ಟಿರ್ಲಿಲ್ಲ. ಉಳಿದಿದ್ದು ಆರೇ ಸಲ.

ನಲವತ್ತಾರಕ್ಕೆ ಅಕ್ಕ ಕಣ್ಣು ಮುಚ್ಕೊಂಡೇ ಒಂದು ಬೆರಳೆತ್ತಿದ್ಲು.

"ನಾಲ್ಕನೇದು. ಟಕ್ ಅನ್ಲಿಲ್ಲ, ಟಪ್ ಅಂತು. ಮುಂದಿನ ಸಲ ಆಫ್ ಆಗಲ್ಲ."

ಗುಮಾಸ್ತರ ನಿದ್ದೆ ಹಾರೋಯ್ತು. ಇಂಜಿನಿಯರು ನೀರು ಹಾಕಿದ್ರು, ಸ್ವಿಚ್ ಒತ್ತಿದ್ರು. ಕುದೀತು. ಕುದೀತಾನೇ ಇತ್ತು. ಮಿಕ್ಕ ನಾಲ್ಕೂ ಆಫಾಗಿ ತಣ್ಣಗೆ ಕೂತ್ವು, ಅದೊಂದು ಮಾತ್ರ ಮುಚ್ಚಳ ಕುಣಿಸ್ತಾ ಗಳಗಳ ಅಂತಿತ್ತು. ಕೊನೆಗೆ ಇಂಜಿನಿಯರೇ ಪ್ಲಗ್ ಕಿತ್ತು, ಹಾಳೇಲಿ ತಮ್ಮ ಕೈಯಾರೆ ಬರ್ಕೊಂಡ್ರು, "ನಾಲ್ಕು, ನಲವತ್ತೇಳನೇ ಸಲ, ಆಫ್ ಆಗಿಲ್ಲ." ನಲವತ್ತೊಂಬತ್ತಕ್ಕೆ ಇನ್ನೆರಡು ಹೋದ್ವು, ಐವತ್ತಕ್ಕೆ ಮತ್ತೊಂದು. ಅತ್ತೆ ಕೆಟಲ್ ಒಂದೇ ಕೊನೇವರೆಗೂ ಟಕ್ ಟಕ್ ಅಂತಾನೇ ಇತ್ತು. "ನಾನು ಎತ್ತಿಟ್ಟಿದ್ದಲ್ವಾ, ಗಟ್ಟಿ" ಅಂತ ಅತ್ತೆ ಇವತ್ತಿಗೂ ಜಂಬ ಕೊಚ್ಕೋತಾರೆ. ಬಿಚ್ಚಿ ನೋಡಿದಾಗ ಅದರ ಗೂಡೂ ಅದೇ ಕಡೆ ವಾಲಿತ್ತು, ಅದನ್ನ ಅವರಿಗೆ ಯಾರೂ ಹೇಳಿಲ್ಲ. ನೀವೂ ಹೇಳ್ಬೇಡಿ.

ತೀರ್ಪು ಬರೋಕೆ ಇನ್ನೂ ಐದು ತಿಂಗ್ಳಾಯ್ತು. ಕಂಪನಿ ಅಷ್ಟೂ ಕೆಟಲ್ ವಾಪಸ್ ತಗೊಂಡು ಸರಿಯಾದ್ದು ಕೊಡ್ಬೇಕು, ಸುಟ್ಕೊಂಡೋರಿಗೆ ಪರಿಹಾರ ಕೊಡ್ಬೇಕು ಅಂತ. ವಕೀಲಮ್ಮ ಅದನ್ನೆಲ್ಲ ಖುಷಿಯಿಂದ ಓದ್ತಿದ್ರೆ ಅಕ್ಕ, "ಅದಿರ್ಲಿ ಮೇಡಂ, ನನ್ನ ಕೈ ಬಗ್ಗೆ ಏನು ಬರೆದಿದಾರೆ?" ಅಂದ್ಲು. ವಕೀಲಮ್ಮ ಪುಟ ತಿರುವಿ ಹುಡುಕಿದ್ರು. "ದೋಷ ತಯಾರಿಕೆಯದು, ದುರಸ್ತಿಯದಲ್ಲ."

ಅಕ್ಕ ಇನ್ನೊಂದ್ಸಲ ಓದ್ಸಿದ್ಲು. ಆಗ ಅತ್ತೆ "ಏನಂತೆ? ಏನಂತೆ?" ಅಂದ್ರು ನೋಡಿ, ಅಕ್ಕ ಅವರ ಕಿವೀಲಿ ಕೂಗಿದ್ಲು. "ಏನು?" ಅಂದ್ರು. ಇನ್ನೂ ಜೋರಾಗಿ ಕೂಗಿದ್ಲು. ಆ ಕೂಗು ಮೆಟ್ಟಿಲು ಮೆಟ್ಟಿಲು ಹತ್ತಿ ಮೇಲಿನ ಮಹಡಿವರೆಗೂ ಹೋಯ್ತು, ಬಾಗ್ಲುಗಳು ಒಂದೊಂದಾಗಿ ತೆಗ್ಕೊಂಡ್ವು. ಮೂರನೇ ಸಲ ಕೇಳಿದಾಗ ಅತ್ತೆ ಸೆರಗಿನ ಮರೇಲಿ ನಗ್ತಿದ್ದಿದ್ದು ನಾನು ನೋಡ್ದೆ. ಮೊದಲ್ನೇ ಸಲಾನೇ ಕೇಳ್ಸಿತ್ತು ಅವರಿಗೆ, ನಾನು ಬರೆದುಕೊಡ್ತೀನಿ ಬೇಕಾದ್ರೆ!

ಈಗ ಆ ಸಾಲನ್ನ ಬಿಸ್ಕತ್ ಡಬ್ಬಿ ಮುಚ್ಚಳದ ಒಳಗೆ ಅಂಟಿಸ್ಕೊಂಡಿದಾಳೆ ಅಕ್ಕ. ಈಗ ಬೇರೆ ಸಾಮಾನಿಂದ ತೆಗೆದು ಆ ಡಬ್ಬಿಗೆ ಹಾಕೋ ಕೆಟ್ಟ ಭಾಗಗಳನ್ನ ಮಾತ್ರ ತೊಳ್ಯೋದು ಬಿಟ್ಟಿದಾಳೆ. ಕರೆ ಸಮೇತ, ಯಾರ ಮನೇದು ಅಂತ ಚೀಟಿ ಕಟ್ಟಿ ಇಡ್ತಾಳೆ. ತೊಳೀಬೇಕು ಅಂತ ಕೈ ತುರಿಸತ್ತಂತೆ ಪಾಪ.

ನೀವೂ ಹೋಗ್ಬನ್ನಿ ಒಂದ್ಸಲ. ಮನೇಲಿ ಏನಾದ್ರೂ ಕೆಟ್ಟಿದ್ದು ಇದ್ದೇ ಇರತ್ತೆ, ಇಲ್ದಿದ್ರೂ ಚೆನ್ನಾಗಿರೋದನ್ನೇ ತಗೊಂಡೋಗಿ. ಹನ್ನೊಂದು ಗಂಟೆ ಬಿಸ್ಲಿಗೆ ಸರಿಯಾಗಿ ಹೋಗಿ, ಬಾಗ್ಲಲ್ಲಿ ತಲೆ ಬಗ್ಸಿ, ಅತ್ತೆಗೆ ಗಟ್ಟಿಯಾಗಿ ನಮಸ್ಕಾರ ಹೇಳಿ. ಆಮೇಲೆ ಸಾಮಾನು ಹಲಗೆ ಮೇಲಿಟ್ಟು ಸುಮ್ನೆ ನಿಂತ್ಕೊಳ್ಳಿ, ಅಕ್ಕ ಕಣ್ಣು ತೆಗೆಯೋವರೆಗೂ.